ಸಪ್ಪಗಿದ್ದರೂ ಸೈ, ಬಿಸಿ ಇರಲಿ

ಹೂಂ ಅನ್ನುವವರು ಮುಂದೆ ಬಂದು ಕೂರಿ, ಆಕಳಿಸುವವರು ಗೋಡೆಗೆ ಒರಗಿ. ಇದು ದಣಿದವರ ಕತೆ. ಹೇಳುವ ನಾನೂ ದಣಿದವನೇ.

ಇಳಕಲ್ಲಿನಲ್ಲಿ ಬನವ್ವ ಅಂತ ಒಬ್ಬ ನೇಕಾರ ಹೆಂಗಸು. ಅವಳಿಗೆ ಒಬ್ಬನೇ ಮಗ, ಕೂಡ್ಲೆಪ್ಪ. ವಯಸ್ಸು ಮೂವತ್ತೆರಡು. ಆಳು ಬಾಗಿಲು ತುಂಬುವ ಹಾಗಿದ್ದ, ಮನಸ್ಸು ಹಾಲಿನಂಥದು. ಒಂದೇ ಒಂದು ದೋಷ. ತಾಯಿ ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. "ಹಾಲು ಉಕ್ಕೀತು, ನೋಡ್ತಿರು" ಅಂದರೆ ಹಾಲು ಉಕ್ಕಿ, ಒಲೆ ಆರಿ, ಬೆಕ್ಕು ಬಂದು ನೆಕ್ಕಿ ಹೋಗುವವರೆಗೂ ನೋಡುತ್ತಿದ್ದ.

"ಯಾವ ಹೊತ್ತಿನಾಗ ಹಡದೆನೋ ನಿನ್ನ" ಅಂತ ಬನವ್ವ ದಿನಕ್ಕೊಮ್ಮೆ ಹಣೆ ಬಡಿದುಕೊಳ್ಳುತ್ತಿದ್ದಳು. ಬಡಿದುಕೊಂಡು ಬಡಿದುಕೊಂಡು ಅವಳಿಗೂ ಸಾಕಾಗಿತ್ತು.

ಹೀಗಿರುವಾಗ ಫ್ರಾನ್ಸ್ ದೇಶದ ಲಿಯಾನ್ ಎಂಬ ಊರಿಂದ ಕರೆ ಬಂತು. ಅದು ರೇಷ್ಮೆ ನೇಯ್ದು ಹೆಸರಾದ ಊರು. ಅಲ್ಲಿ ಐದು ದಿನ ನೇಕಾರರ ಮೇಳ, ದೇಶದೇಶದಿಂದ ಅರವತ್ತು ಮಂದಿ. ಬನವ್ವ ಎಲ್ಲರ ಎದುರಿಗೆ ನೇಯಬೇಕು. ಐದನೇ ದಿನ ಮಧ್ಯಾಹ್ನ ಸೀರೆಯ ಒಡಲಿಗೆ ಸೆರಗು ಬೆಸೆದು ತೋರಿಸಬೇಕು. ಇಳಕಲ್ ಸೀರೆಯ ಗುಟ್ಟು ಇರುವುದೇ ಅಲ್ಲಿ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆ ಕೊಂಡಿ ಹಾಕಿ ಬೆಸೆಯುವುದು. ಅದಕ್ಕೆ ಎರಡು ಜೊತೆ ಕೈ ಬೇಕು, ಬೆರಳು ನಡುಗಬಾರದು. ಎರಡನೇ ಜೊತೆ ಕೈ ಕೂಡ್ಲೆಪ್ಪನದು. ಅದಕ್ಕೇ ಅವನೂ ಹೊರಟ.

ಬನವ್ವ ಮೊಟ್ಟೆ ಮಾಂಸ ಮುಟ್ಟುವವಳಲ್ಲ. ಎಂಟು ಡಬ್ಬಿ ಕಟ್ಟಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಗುರೆಳ್ಳು ಪುಡಿ. ಬನವ್ವನ ತಮ್ಮ ವಿಮಾನ ನಿಲ್ದಾಣದವರೆಗೆ ಬಿಡಲು ಬಂದ, ಅಲ್ಲಿ ತೂಕ ಹೆಚ್ಚಾಯಿತು. ಬನವ್ವ ಮಗನಿಗೆ ಹೇಳಿದಳು: "ಏನು ಭಾರ ಐತಿ ಅದನ್ನ ತಗದು ನಿಮ್ಮ ಮಾವನ ಕೈಗೆ ಕೊಡು. ಡಬ್ಬಿ ಮಾತ್ರ ಒಂದೂ ಬಿಡಬ್ಯಾಡ."

ಲಿಯಾನಿನಲ್ಲಿ ಇಳಿದು, ಕೋಣೆ ಸೇರಿ, ಹಸಿದು ಡಬ್ಬಿ ತೆಗೆದಳು. ಖಾಲಿ. ಎರಡನೆಯದು ತೆಗೆದಳು. ಖಾಲಿ. ಎಂಟೂ ಖಾಲಿ.

"ರೊಟ್ಟಿ ಎಲ್ಲೋ?"

"ಮಾವಗ ಕೊಟ್ಟೆ. ಭಾರ ಇದ್ದದ್ದು ರೊಟ್ಟಿನಬೇ. ಡಬ್ಬಿ ಒಂದೂ ಬಿಟ್ಟಿಲ್ಲ ನೋಡು, ಎಂಟಕ್ಕೆ ಎಂಟು."

ಬನವ್ವ ಎರಡು ವಿಮಾನ ಹತ್ತಿ ಇಳಿದಿದ್ದಳು. ಹಾಸಿಗೆಯ ತುದಿಯಲ್ಲಿ ಕೂತು ಅಂದಳು: "ಇರ್ಲಿ. ಊರಂದಮ್ಯಾಲೆ ಊಟ ಸಿಗತೈತಿ. ನನಗೇನು ಹೋಳಿಗಿ ಬೇಕೇನು? ಸಪ್ಪಗಿದ್ದರೂ ಸೈ, ಬಿಸಿ ಇರಲಿ."

ಸಪ್ಪಗಿದ್ದರೂ ಸೈ, ಬಿಸಿ ಇರಲಿ. ಕೂಡ್ಲೆಪ್ಪ ಅದನ್ನು ಬಾಯಿಪಾಠ ಮಾಡಿಕೊಂಡ.

ಮೊದಲನೇ ದಿನ. ಮೇಳದವರು ಕೊಟ್ಟ ಊಟದ ಪೊಟ್ಟಣದಲ್ಲಿ ಮಾಂಸ. ಬನವ್ವ ಅದನ್ನು ಪಕ್ಕಕ್ಕಿಟ್ಟಳು. ಮಗ್ಗ ಬಿಟ್ಟು ಏಳುವಂತಿಲ್ಲ, ನೋಡುವ ಜನ ಮುಂದೆಯೇ ನಿಂತಿದ್ದಾರೆ. ಮಗನಿಗೆ ಹೇಳಿದಳು: "ಹೋಗು. ಮಂದಿ ಎಲ್ಲಿ ಸಾಲು ಹಚ್ಚಿ ನಿಂತಿರ್ತಾರ, ಅಲ್ಲಿ ಊಟ ಚಲೋ ಇರ್ತೈತಿ. ನೀನೂ ಸಾಲಿನಾಗ ನಿಂದ್ರು."

ಹೋದ. ಸಾಲು ಕಂಡಿತು. ನಿಂತ. ಸಾಲು ಸರಿಯಿತು, ಸರಿದ. ಸಾಲು ಒಂದು ಪುಟ್ಟ ರೈಲಿನೊಳಗೆ ಹೋಯಿತು, ಇವನೂ ಹೋದ. ರೈಲು ಗುಡ್ಡ ಹತ್ತಿತು. ಮೇಲೆ ಎಲ್ಲರೂ ಇಳಿದು ಊರು ನೋಡಿದರು, ಇವನೂ ನೋಡಿದ. ಕೆಳಗಿಳಿಯಲು ಮತ್ತೆ ಸಾಲು. ಮತ್ತೆ ನಿಂತ. ಸಂಜೆಗೆ ಬಂದ, ಬರಿಗೈ.

"ಊಟ?"

"ಗುಡ್ಡ ಭಾಳ ಚಂದ ಐತಿ ಯವ್ವ."

"ಗುಡ್ಡ ಉಣ್ಣಲೇನೋ? ಸಾಲು ನೋಡಬ್ಯಾಡಪ್ಪ. ಒಲಿ ನೋಡು. ಒಲಿ ಎಲ್ಲಿ ಉರೀತೈತಿ ಅಲ್ಲಿ ಹೋಗು. ಬೇಕಾದ್ದಕ್ಕ ಬೆರಳು ತೋರ್ಸು. ನಿನಗ ಮಾತು ಬರೂದಿಲ್ಲ, ಬಾಯಿ ಬಿಡಬ್ಯಾಡ."

ಅಂದು ತಾಯಿ ಮಗ ಎರಡೆರಡು ಬಾಳೆಹಣ್ಣು ತಿಂದು ಮಲಗಿದರು.

ಎರಡನೇ ದಿನ. ಬ್ರೆಡ್ಡಿನ ಅಂಗಡಿ. ಒಳಗೆ ಒಲೆ ಧಗಧಗ ಉರಿಯುತ್ತಿದೆ. ಕೂಡ್ಲೆಪ್ಪನಿಗೆ ಖುಷಿಯಾಯಿತು. ಹೋಗಿ ಬೆರಳು ತೋರಿಸಿದ. ಅಂಗಡಿಯಾಕೆ "ಬೋಂಜೂರ್" ಅಂದಳು. ಇವನು ಬಾಯಿ ಬಿಡಲಿಲ್ಲ, ಬೆರಳು ತೋರಿಸಿದ. "ಬೋಂಜೂರ್" ಅಂದಳು ಇನ್ನಷ್ಟು ಗಟ್ಟಿಯಾಗಿ. ಇವನು ತುಟಿ ಇನ್ನಷ್ಟು ಬಿಗಿದ. ಆಕೆ ಹಿಂದಿನವನಿಗೆ ಕೊಟ್ಟಳು. ಅವನ ಹಿಂದಿನವಳಿಗೆ ಕೊಟ್ಟಳು. ಇವನು ಬೆರಳು ಇಳಿಸಲಿಲ್ಲ. ಕೊನೆಗೆ ಬ್ರೆಡ್ಡೇ ಮುಗಿಯಿತು, ಬೆರಳು ಖಾಲಿ ಹಲಗೆಯ ಕಡೆಗೇ ಇತ್ತು.

ಸಂಜೆ ಅಮುದಾ ಬಂದಳು. ಪುದುಚೇರಿಯ ಹೆಣ್ಣುಮಗಳು, ಬೆಂಗಳೂರಲ್ಲಿ ಓದಿದವಳು, ಮೇಳದಲ್ಲಿ ಹತ್ತು ನೇಕಾರರ ಮಾತು ಒಬ್ಬಳೇ ಹೊತ್ತು ತಿರುಗುವವಳು. ಸಂಗತಿ ಕೇಳಿ ಅಂದಳು: "ಅಮ್ಮ, ಇಲ್ಲಿ ಅಂಗಡಿಗೆ ಹೋದ್ರೆ ಮೊದಲು ಬೋಂಜೂರ್ ಅನ್ಬೇಕು. ನಮಸ್ಕಾರ ಅಂತ. ಅನ್ನದೆ ಕೇಳಿದ್ರೆ ಅವರಿಗೆ ಅವಮಾನ."

ಬನವ್ವ ಮಗನ ಕಡೆ ತಿರುಗಿದಳು. "ಕೇಳಿದ್ಯಾ? ಹ್ವಾದಲ್ಲಿ ಮೊದಲು ನಮಸ್ಕಾರ ಮಾಡು. ಒಬ್ಬರನ್ನೂ ಬಿಡಬ್ಯಾಡ."

ಮೂರನೇ ದಿನ. ಅಮುದಾ ಒಂದು ಚೀಟಿ ಬರೆದುಕೊಟ್ಟಳು: ಬರೀ ಅನ್ನ, ಬೇಯಿಸಿದ ತರಕಾರಿ, ಬಿಸಿಯಾಗಿ. ಕೂಡ್ಲೆಪ್ಪ ಹನ್ನೆರಡಕ್ಕೆ ಹೋಟೆಲ್ ಹೊಕ್ಕ. ಬಾಗಿಲಲ್ಲಿದ್ದವನಿಗೆ ಬೋಂಜೂರ್ ಅಂದ. ಮೊದಲನೇ ಮೇಜಿನ ನಾಲ್ವರಿಗೆ ನಾಲ್ಕು ಬೋಂಜೂರ್. ಎರಡನೇ ಮೇಜಿಗೆ ಕೈಮುಗಿದು ಬೋಂಜೂರ್. ಅವರೂ ಬಾಯಲ್ಲಿ ತುತ್ತಿಟ್ಟುಕೊಂಡೇ ಬೋಂಜೂರ್ ಅಂದರು. ಒಬ್ಬ ಎದ್ದುಹೋದರೆ ಹೊಸಬ ಬಂದು ಕೂರುತ್ತಿದ್ದ, ಅವನಿಗೊಂದು. ಅಡುಗೆಮನೆಗೆ ನುಗ್ಗಿ ಬಾಣಸಿಗನಿಗೊಂದು, ಪಾತ್ರೆ ತೊಳೆಯುವವನಿಗೊಂದು. ಎಲ್ಲ ಮುಗಿಸಿ ಚೀಟಿ ಕೊಡುವಾಗ ಎರಡು ಗಂಟೆ ಹೊಡೆಯಿತು. ಆ ಊರಿನ ಹೋಟೆಲುಗಳಲ್ಲಿ ಎರಡಕ್ಕೆ ಒಲೆ ಆರಿಸುತ್ತಾರೆ. ಮತ್ತೆ ಹಚ್ಚುವುದು ಏಳಕ್ಕೆ.

ಬನವ್ವನಿಗೆ ಅಂದು ಲಾಳಿ ಎರಡು ಸಲ ಕೈತಪ್ಪಿತು. ಬಾಳೆಹಣ್ಣು, ಚಹಾ, ಚಹಾ, ಬಾಳೆಹಣ್ಣು. ಕಣ್ಣಿಗೆ ಕತ್ತಲೆ. ಬೆರಳು ಮುಂದೆ ಹಿಡಿದು ನೋಡಿಕೊಂಡಳು, ಸಣ್ಣಗೆ ನಡುಗುತ್ತಿತ್ತು. ಇನ್ನೆರಡೇ ದಿನಕ್ಕೆ ಸೆರಗು ಬೆಸೆಯಬೇಕು. ಈ ಬೆರಳಿಂದ ಆಗುವುದೇ? ಅವಳಿಗೆ ನಿಜವಾಗಿ ಭಯವಾಯಿತು.

ಮಗ ಅಂದ: "ಎಲ್ಲಾರಿಗೂ ಮಾಡಿದೆ ಯವ್ವ. ಒಬ್ಬರನ್ನೂ ಬಿಟ್ಟಿಲ್ಲ."

"ಹೌದಪ್ಪ. ಬಿಟ್ಟದ್ದು ಹಡದವ್ವನ್ನ ಒಬ್ಬಾಕಿನ್ನ. ನಾಳೆ ಹೊತ್ತಿಗಿಂತ ಮುಂಚೆ ಹೋಗು. ಹೋಗಿ ಕುಂಡ್ರು. ಮುಂದ ಏನು ಇಡ್ತಾರ ಅದನ್ನ ತಗೊಂಡು ಸುಮ್ನ ಬಾ."

ನಾಲ್ಕನೇ ದಿನ. ಬೆಳಿಗ್ಗೆ ಎಂಟಕ್ಕೇ ಹೋಗಿ ಹೋಟೆಲಿನ ಹೊರಗಿನ ಕುರ್ಚಿಯಲ್ಲಿ ಕೂತ. ಇನ್ನೂ ಕಸ ಹೊಡೆಯುತ್ತಿದ್ದರು. ಕಾಲೆತ್ತಿ ಕೂತ. ಹನ್ನೆರಡಕ್ಕೆ ಮಾಣಿ ಬಂದು ಬ್ರೆಡ್ಡಿನ ಬುಟ್ಟಿ, ನೀರಿನ ಹೂಜಿ, ಉಪ್ಪಿನ ಕುಡಿಕೆ ಇಟ್ಟು, ಏನು ಬೇಕು ಅಂತ ಕೇಳಲು ಬಾಯಿ ತೆರೆದ. ಕೂಡ್ಲೆಪ್ಪ ಬುಟ್ಟಿ, ಹೂಜಿ, ಕುಡಿಕೆ ಮೂರನ್ನೂ ಎತ್ತಿಕೊಂಡು ಸುಮ್ಮನೆ ಹೊರಟ. ಹಿಂದೆ ಮಾಣಿ, ಮಾಣಿಯ ಹಿಂದೆ ಯಜಮಾನ. ಮೂವರೂ ಸೇರಿ ಮೆರವಣಿಗೆಯಲ್ಲಿ ಬನವ್ವನ ಮಗ್ಗದ ಮುಂದೆ ಬಂದು ನಿಂತರು.

ಬನವ್ವ ಎದ್ದು ಬುಟ್ಟಿ ಕೊಟ್ಟಳು, ಹೂಜಿ ಕೊಟ್ಟಳು, ಕೈಮುಗಿದಳು. ಯಜಮಾನ ಒಳ್ಳೆಯವನು, ನಕ್ಕು ಎರಡು ತುಂಡು ಬ್ರೆಡ್ಡು ಇಟ್ಟುಹೋದ. ಬನವ್ವ ಒಂದನ್ನು ಮಗನ ಕೈಗಿಟ್ಟು, ನಾಚಿಕೆಯಿಂದ ತನ್ನದನ್ನು ಬದಿಗಿಟ್ಟಳು.

"ನಾಕು ತಲಿಮಾರಿನಿಂದ ನೇಯ್ದ ಮನಿ ನಮ್ಮದು. ಬುಟ್ಟಿ ಹೊತ್ತು ಓಡಿ ಬರ್ತಿಯಲ್ಲೋ. ನಮ್ಮ ಮನಿ ರೀತಿ ಏನೈತಿ? ಯಾರರ ಉಣ್ಣಾಕ ಕೊಟ್ಟರ ಗಬಕ್ಕನ ತಗೋತೇವೇನು? ಮೊದಲನೇ ಸಲ ಬ್ಯಾಡ್ರಿ, ಈಗರ ಉಂಡೀವಿ ಅನಬೇಕು. ಎರಡನೇ ಸಲಾನೂ ಬ್ಯಾಡ್ರಿ. ಮೂರನೇ ಸಲ ಕೈಹಿಡದು ಕರದರ ಕುಂಡ್ರಬೇಕು. ತಿಳೀತೇನು?"

"ತಿಳೀತಬೇ. ಮೂರು ಸಲ."

ಬಯ್ದು ಬಯ್ದು ತಲೆ ತಿರುಗಿ, ಬನವ್ವ ಮುಖ ತೊಳೆದು ಸ್ವಲ್ಪ ಹೊತ್ತು ಒರಗಲು ಹೋದಳು.

ಪಕ್ಕದ ಮಗ್ಗದವಳು ಓದಿಲ್ ಎಂಬ ಮುದುಕಿ, ಆ ಊರಿನವಳೇ. ಮೂರು ದಿನದಿಂದ ಬನವ್ವನ ಮುಖ ನೋಡುತ್ತಿದ್ದಳು. ನೇಯುವವಳ ಹಸಿವು ನೇಯುವವಳಿಗೆ ಗೊತ್ತಾಗದೇ? ಆಗಲೇ ಮನೆಯಿಂದ ಒಂದು ಪಾತ್ರೆ ತಂದಿದ್ದಳು. ಮುಚ್ಚಳ ತೆಗೆದರೆ ಹಬೆ. ಬಿಳೀ ಅನ್ನ, ಅದರ ಪಕ್ಕದಲ್ಲಿ ಬೇಳೆ, ಉಪ್ಪು ಮಾತ್ರ ಹಾಕಿ ಬೇಯಿಸಿದ್ದು. ಅಮುದಾ ಮೂಲಕ ಕೇಳಿದಳು: "ನಿಮ್ಮ ತಾಯಿಗೆ ತಂದೆ. ಉಣ್ಣುತ್ತೀರಾ?"

ಕೂಡ್ಲೆಪ್ಪನ ಹೊಟ್ಟೆ ಗುರ್ ಅಂದಿತು. ಆದರೂ ಮನೆಯ ರೀತಿ ಬಿಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ಅಂದ: "ಬ್ಯಾಡ್ರಿ. ಈಗರ ಉಂಡೀವಿ."

ಅಮುದಾ ಅಷ್ಟನ್ನೇ ಹೇಳಿ ಬೇರೆ ಮಗ್ಗದವರು ಕರೆದಲ್ಲಿಗೆ ಓಡಿದಳು. ಆ ದೇಶದಲ್ಲಿ ಬೇಡ ಅಂದರೆ ಬೇಡ. ಒತ್ತಾಯ ಮಾಡುವುದು ಅಲ್ಲಿ ಮರ್ಯಾದೆಯಲ್ಲ. ಓದಿಲ್ ತಲೆಯಾಡಿಸಿ, ಮುಚ್ಚಳ ಮುಚ್ಚಿ, ತನ್ನ ಜೊತೆ ಊಟಕ್ಕೆ ಕೂತವರಿಗೆ ಬಡಿಸಿ ಖಾಲಿ ಮಾಡಿದಳು.

ಬನವ್ವ ಬಂದಳು. ಮೂಗು ಅರಳಿತು. "ಯಾರೋ ಬ್ಯಾಳಿ ತಂದಾರಲ್ಲೋ."

"ಹೂನಬೇ. ಆ ಅಜ್ಜಿ, ನಮಗಂತ ತಂದಿದ್ದಳು. ಒಂದು ಸಲ ಕೇಳ್ಯಾಳ. ಇನ್ನ ಎರಡು ಸಲ ಬಾಕಿ ಐತಿ. ನಾ ಕಾಯಾಕತ್ತೀನಿ."

ಬನವ್ವ ಪಕ್ಕದ ಮಗ್ಗದ ಕೆಳಗೆ ನೋಡಿದಳು. ಖಾಲಿ ಪಾತ್ರೆ ಬೋರಲು ಇಟ್ಟಿತ್ತು. ಅವಳು ಮಗ್ಗದ ಹಲಗೆಗೆ ಹಣೆ ಹಚ್ಚಿ ಅತ್ತಳು. ಮಗ ಕಾಯುತ್ತಲೇ ನಿಂತಿದ್ದ. ಅವನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಯಜಮಾನ ಕೊಟ್ಟ ಬ್ರೆಡ್ಡಿನ ಅವನ ಪಾಲು ಜೇಬಿನಲ್ಲೇ ಇತ್ತು, ತಾಯಿಗೆ ಅಂತ. ಅದನ್ನು ತೆಗೆದು ಅವಳ ತೊಡೆಯ ಮೇಲಿಟ್ಟ.

"ತಪ್ಪು ನಂದಪ್ಪ," ಅಂದಳು ಬನವ್ವ. "ಊರು ಬ್ಯಾರೆ, ರೀತಿ ಬ್ಯಾರೆ. ನಾಳಿಂದ ಯಾರು ಏನು ಕೇಳಿದರೂ ಹೂಂ ಅನ್ನು. ಇವರ ಮಾತಿನಾಗ ಹೂಂ ಅನ್ನಾಕ ಏನೋ ಅಂತಾರಲ್ಲ? ವಿ. ವಿ ಅನ್ನು ಸಾಕು."

ಸಂಜೆ ಅಮುದಾಗೆ ಎಲ್ಲ ತಿಳಿಯಿತು. ಓದಿಲ್‌ಗೂ ಹೇಳಿದಳು. ಐದನೇ ದಿನ ಮುದುಕಿ ಮತ್ತೆ ಪಾತ್ರೆ ತಂದು ಕೇಳಿದಳು.

"ವಿ," ಅಂದ ಕೂಡ್ಲೆಪ್ಪ.

ಬನವ್ವ ಉಂಡಳು. ಅನ್ನ, ಬೇಳೆ, ಉಪ್ಪು. ಖಾರವಿಲ್ಲ, ಒಗ್ಗರಣೆಯಿಲ್ಲ. ಬಿಸಿ ಇತ್ತು. ಐದು ದಿನದ ಮೇಲೆ ಹೊಟ್ಟೆಗೆ ಅನ್ನ ಬಿದ್ದಾಗ ಅವಳಿಗೆ ಓದಿಲ್ ತನ್ನ ಹಿರಿಯಕ್ಕನ ಹಾಗೆ ಕಂಡಳು. ತಟ್ಟೆಯಲ್ಲಿ ಅರ್ಧ ಉಳಿಸಿ ಮಗನ ಮುಂದೆ ಸರಿಸಿದಳು. ಉಣ್ತಿಯೇನೋ ಅಂತ ಕೇಳಿದಳು, ಅದಕ್ಕೂ ವಿ ಅಂದ.

ಮಧ್ಯಾಹ್ನ ಸೆರಗು ಬೆಸೆದರು. ಈ ಕಡೆ ತಾಯಿ, ಆ ಕಡೆ ಮಗ. "ಹಾಕು" ಅಂದರೆ ಹಾಕಿದ. "ಎಳಿ" ಅಂದರೆ ಎಳೆದ. "ಬಿಡು" ಅಂದರೆ ಬಿಟ್ಟ. ಹೇಳಿದ್ದನ್ನೇ ಮಾಡಿದ, ಹೇಳಿದಷ್ಟನ್ನೇ ಮಾಡಿದ. ಸಾವಿರಾರು ಎಳೆ, ಒಂದೂ ತಪ್ಪಲಿಲ್ಲ. ಎಳೆಗೆ ಬೇಕಾದ್ದು ಅಷ್ಟೇ ನೋಡಿ, ಜಾಣತನವಲ್ಲ. ಬೆರಳು ನಡುಗಲಿಲ್ಲ. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಬನವ್ವ ಮಗನ ಕಡೆ ನೋಡಿ, ಹಡೆದದ್ದು ಇಂಥ ಹೊತ್ತಿನಲ್ಲಾದರೂ ಸಾರ್ಥಕ ಅಂದುಕೊಂಡಳು.

ಕತೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕೂಡ್ಲೆಪ್ಪ ಮುಗಿಸಲು ಬಿಡಬೇಕಲ್ಲ.

ಮೇಳದ ಹಿರಿಯ ಖುಷಿಯಿಂದ ಅವನ ಹತ್ತಿರ ಬಂದು ಏನೋ ಕೇಳಿದ. ಅಮುದಾ ಅಲ್ಲಿರಲಿಲ್ಲ. "ವಿ." ಮತ್ತೇನೋ ಕೇಳಿದ. "ವಿ." ಹಿರಿಯ ಕೈಕುಲುಕಿ ಹೋದ. ಸ್ವಲ್ಪ ಹೊತ್ತಿಗೆ ಅಮುದಾ ಓಡಿಬಂದಳು.

"ಅಮ್ಮ, ಸಂಜೆ ಅರವತ್ತು ನೇಕಾರರಿಗೆ ಹೋಟೆಲಲ್ಲಿ ಊಟ ಹೇಳಿದ್ರು. ಅದರ ಬದಲು ನಿಮ್ಮಮ್ಮ ಊರಿನ ಸಾದಾ ಅಡುಗೆ ಮಾಡ್ತಾರಾ ಅಂತ ಕೇಳಿದ್ರಂತೆ. ಇವನು ಹೂಂ ಅಂದಿದಾನೆ. ಸಾಮಾನೆಲ್ಲ ಊರಿಂದಲೇ ತಂದಿದೀರಾ ಅಂದಿದ್ದಕ್ಕೂ ಹೂಂ. ಹೋಟೆಲಿಗೆ ಬೇಡ ಅಂತ ಹೇಳಿಬಿಟ್ಟಿದಾರೆ."

ಕೂಡ್ಲೆಪ್ಪ ಓಡಿಹೋಗಿ ಕೋಣೆಯಿಂದ ಎಂಟು ಖಾಲಿ ಡಬ್ಬಿ ತಂದು ಸಾಲಾಗಿ ಇಟ್ಟ.

ಬನವ್ವ ಏನು ಮಾಡುತ್ತಾಳೆ? ಅತಿಥಿಗಳಿಗೆ ಇಲ್ಲ ಅನ್ನುವುದು ಹೇಗೆ? ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಭಾಂಗಣದ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗೆ ನೀರು ತುಂಬಿ ಒಲೆ ಹಚ್ಚಿದಳು. ಮಗನ ಕೈಗೆ ಎರಡು ಚೀಲ ಕೊಟ್ಟಳು. "ಓಡು. ಈ ಬೀದಿ ತುದಿಯ ಅಂಗಡ್ಯಾಗ ಅಕ್ಕಿ ತಗೊಂಡು ಬಾ. ಎಸರು ಕಾಯೂದ್ರಾಗ ಬಾ."

ಎಸರು ಕಾಯಿತು. ಕುದಿಯಿತು. ಅರವತ್ತು ಮಂದಿ ತಟ್ಟೆ ಹಿಡಿದು ಬಂದರು, ಅಡುಗೆಮನೆಯ ಬಾಗಿಲಿಂದ ಬೀದಿಯವರೆಗೆ ಸಾಲು ನಿಂತರು. ಎಸರು ಅರ್ಧಕ್ಕೆ ಬಂತು. ಮಗ ಬರಲಿಲ್ಲ. ಬನವ್ವ ಸೌಟು ಹಿಡಿದೇ ಹೊರಗೆ ಬಂದು ಸಾಲಿನುದ್ದಕ್ಕೂ ನೋಡಿದಳು. ಎಲ್ಲರಿಗಿಂತ ಹಿಂದೆ, ಹೆಗಲ ಮೇಲೆ ಎರಡು ಖಾಲಿ ಚೀಲ, ಕೈಯಲ್ಲಿ ಒಂದು ತಟ್ಟೆ.

"ಅಕ್ಕಿ ಎಲ್ಲೋ?"

ಕೂಡ್ಲೆಪ್ಪನ ಮುಖ ಬೆಳಗುತ್ತಿತ್ತು. "ಇನ್ನ ಅಕ್ಕಿ ಯಾಕ ಯವ್ವ, ಊಟನ ಸಿಕ್ಕಿತು. ಸಾಲು ಐತಿ. ಒಲಿ ಐತಿ. ಎಲ್ಲಾರಿಗೂ ಬೋಂಜೂರ್ ಅಂದೀನಿ. ಇನ್ನ ಅವರು ಮೂರು ಸಲ ಕರೀಬೇಕಷ್ಟ."

ಬನವ್ವನಿಗೆ ನಗುವೂ ಬಂತು, ಅಳುವೂ ಬಂತು, ಎರಡಕ್ಕೂ ಶಕ್ತಿ ಸಾಲಲಿಲ್ಲ. ಮಗ ಐದು ದಿನ ಅಲೆದದ್ದು ಯಾರಿಗಾಗಿ ಅನ್ನುವುದೂ ನೆನಪಾಯಿತು.

"ಬಾರೋ," ಅಂದಳು. "ಬಾರಪ್ಪ." ಕೈ ಹಿಡಿದಳು. "ಬಾ ನನ್ನಪ್ಪ."

ಮೂರಾಯಿತು. ಕೂಡ್ಲೆಪ್ಪ ಅರವತ್ತು ಮಂದಿಯನ್ನು ದಾಟಿ ಒಲೆಯ ಮುಂದೆ ಬಂದು ತಟ್ಟೆ ಚಾಚಿದ. ಬನವ್ವ ಇದ್ದದ್ದನ್ನು ಬಡಿಸಿದಳು, ಒಂದು ಸೌಟು ಕುದಿಯುವ ನೀರು. ಅವನು ಊದಿ ಊದಿ ಕುಡಿದು, ತಟ್ಟೆಯನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಕುಡಿ ಯವ್ವ. ಸಪ್ಪಗೈತಿ, ಬಿಸಿ ಐತಿ. ನೀ ಕೇಳಿದ್ದು ಇದನ್ನಲ್ಲೇನಬೇ?"