ಬುಡೇನ್ ಸಾಬಿ ತಿರುಗಿಸಿದ ಬಿಸಿಲು

ಬಲು ಹಿಂದೆ, ಸಿನಿಮಾಕ್ಕೆ ಇನ್ನೂ ಬಣ್ಣ ಹತ್ತದ ಕಾಲಕ್ಕೆ, ಕಲ್ಲೇನಹಾಳು ಅಂತ ಒಂದೂರು. ಆ ಊರಲ್ಲಿ ಪಾತ್ರೆಗೆ ಕಲಾಯಿ ಹಾಕುವ ಬುಡೇನ್ ಸಾಬಿ ಅಂತ ಒಬ್ಬನಿದ್ದನಂತೆ. ಅವನು ಕಲಾಯಿ ಹಾಕಿದ ಹರಿವಾಣ ಅಂಗಳದಲ್ಲಿಟ್ಟರೆ, ಅದರ ಹೊಳಪಿಗೆ ಮತ್ತೆ ಬೆಳಗಾಯಿತೆಂದು ಹುಂಜ ಎರಡನೇ ಸಲ ಕೂಗುತ್ತಿತ್ತಂತೆ. ಸುಳ್ಳಲ್ಲ, ಆ ಹುಂಜದ ಮರಿಮಕ್ಕಳನ್ನು ನಾನೇ ಕಂಡಿದ್ದೇನೆ.

ಒಂದು ಸಲ ಆ ಊರಿಗೆ ಸಿನಿಮಾದವರು ಬಂದರಂತೆ. ತಾಯಿಯ ಪಾತ್ರಕ್ಕೆ ಚಂಪಕ್ಕ, ನಾಟಕದ ಕಂಪನಿಗಳಲ್ಲಿ ಸವೆದ ಹೆಂಗಸು. ಸತ್ತನೆಂದುಕೊಂಡ ಮಗ ಬದುಕಿದ್ದಾನೆ ಅಂತ ಸುದ್ದಿ ಬರಬೇಕು, ತಾಯಿಯ ಎದೆ ಹಗುರಾಗಬೇಕು, ಅಷ್ಟೇ ಸೀನು. ಬೆಳಗಿನಿಂದ ಒಂಬತ್ತು ಸಲ ತೆಗೆದರೂ ಕೂಡಿ ಬರಲಿಲ್ಲವಂತೆ. ಬೆಳ್ಳಿ ಕಾಗದ ಮೆತ್ತಿದ ಹಲಗೆ ನಾಲ್ಕು ಕಡೆ ಹಿಡಿದು ಊರ ಬಿಸಿಲನ್ನೆಲ್ಲ ಮುಖಕ್ಕೆ ಸುರಿದರೆ, ಪಾಪ, ಆಕೆ ಕಣ್ಣು ಕಿವುಚುವಳೇ ಹೊರತು ಎದೆ ಹಗುರಾಗುವುದು ಎಲ್ಲಿಂದ? ಹೊತ್ತು ಮುಳುಗುವುದರೊಳಗೆ ಸೀನು ಕೂಡಿ ಬರದಿದ್ದರೆ ನಾಳೆ ಬೇರೆ ತಾಯಿಯನ್ನು ಕರೆಸುತ್ತೇನೆ ಅಂದನಂತೆ ಡೈರೆಕ್ಟರು. ಚಂಪಕ್ಕ ಬುಡೇನ್ ಸಾಬಿಯ ಕುಲುಮೆ ಪಕ್ಕದ ಕಲ್ಲಿನ ಮೇಲೆ ಕೂತು, ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ ಅಂತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳಂತೆ.

ಸಾಬಿಯ ಕರುಳು ಚುರುಕ್ ಅಂತು. ಕೊಡ ತೂತಾಗಿದೆಯೋ ನೋಡಲು ಅವನು ಕಂಬಳಿ ಹೊದ್ದು ಕೊಡದ ಬಾಯಿಗೆ ಕಣ್ಣಿಡುತ್ತಿದ್ದ. ಸುತ್ತ ಕತ್ತಲಿದ್ದರೆ ಸೂಜಿಮೊನೆಯಷ್ಟು ಬೆಳಕೂ ಕಾಣುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಎದ್ದು ನೇರ ಡೈರೆಕ್ಟರ ಮುಂದೆ ನಿಂತನಂತೆ.

"ಸ್ವಾಮಿ, ಹಲಗೆ ಇಳಿಸಿ. ಆಯಮ್ಮನಿಗೆ ಮೊದಲು ಕತ್ತಲು ಕೊಡಿ."

"ಪಾತ್ರೆ ತಿಕ್ಕುವವನು, ನಿನಗೇನಯ್ಯ ಗೊತ್ತು?"

"ತಿಕ್ಕಿದ್ದಕ್ಕೇ ಗೊತ್ತು. ಒಂಬತ್ತು ನೀವು ಕೆಡಿಸಿದಿರಿ, ಹತ್ತನೆಯದು ನನ್ನ ಹೆಸರಲ್ಲಿ ಕೆಡಲಿ."

ಡೈರೆಕ್ಟರು ಹೂಂ ಅಂದ ಮೇಲೆ ಸಾಬಿ ಚಂಪಕ್ಕನನ್ನು ಸೀನು ತೆಗೆಯುತ್ತಿದ್ದ ಮನೆಯ ನಡುಮನೆಯ ಕತ್ತಲಲ್ಲಿ ಕೂರಿಸಿ, ಬಾಗಿಲ ಒಂದು ಕದ ಮುಚ್ಚಿಸಿದನಂತೆ. ಅಂಗಳದಲ್ಲಿದ್ದ ಕ್ಯಾಮೆರಾದ ಕಣ್ಣಿಗೆ ಬಾಗಿಲ ಚೌಕಟ್ಟು, ಅದರ ತುಂಬ ಕತ್ತಲು, ಮೂಲೆಯಲ್ಲಿ ಗುಬ್ಬಿಯಷ್ಟಾದ ಒಬ್ಬ ತಾಯಿ. ಸುದ್ದಿ ಹೇಳಿದರು. ಸಾಬಿ ಇಳಿಬಿಸಿಲನ್ನು ಹರಿವಾಣದಲ್ಲಿ ಹಿಡಿದು ಹೊಸ್ತಿಲಿಗೆ ಬಿಟ್ಟ. ಹೊಸ್ತಿಲಿನಿಂದ ಪಾದಕ್ಕೆ, ಪಾದದಿಂದ ಕೈಗೆ, ಅವಸರವಿಲ್ಲದೆ, ಕೂಸಿಗೆ ಎಣ್ಣೆ ಸವರಿದ ಹಾಗೆ. ಬೆಳಕು ಗಲ್ಲ ಮುಟ್ಟಿದಾಗ ಚಂಪಕ್ಕ ಅಳಲಿಲ್ಲ, ನಗಲಿಲ್ಲ, ಬರೀ ನಿರಾಳವಾಗಿ ಉಸಿರು ಬಿಟ್ಟಳಂತೆ. ನೋಡುತ್ತಿದ್ದ ಊರಿಗೆ ಊರೇ ಉಸಿರು ಬಿಟ್ಟ ಗಾಳಿಗೆ ಮೂರು ಹುಣಸೆಮರ ಎಲೆ ಉದುರಿಸಿಕೊಂಡು ಬೋಳಾದವಂತೆ. ಸಾಕು ಅನ್ನುವುದನ್ನೇ ಡೈರೆಕ್ಟರು ಮರೆತನಂತೆ. ಬೇರೆ ತಾಯಿ ಬರಲಿಲ್ಲ. ಚಂಪಕ್ಕ ಆಮೇಲೆ ಪರದೆಯ ಮೇಲೆ ನೂರು ಮಕ್ಕಳಿಗೆ ತಾಯಿಯಾದಳಂತೆ.

ಇವತ್ತಿಗೂ ಕಲ್ಲೇನಹಾಳಿನಲ್ಲಿ ಒಳ್ಳೆಯ ಸುದ್ದಿ ತಂದವರು ಬೀದಿಯಿಂದಲೇ ಕೂಗಿ ಹೇಳುವುದಿಲ್ಲ. ಮನೆಯವರನ್ನು ಒಳಗೆ ಕೂರಿಸಿ, ಒಂದು ಕದ ಮುಚ್ಚಿ, ಹರಿವಾಣದ ಬಿಸಿಲು ಅವರ ಮುಖ ಮುಟ್ಟುವ ತನಕ ಬಾಯಿ ಬಿಡುವುದಿಲ್ಲ. ಬಿಸಿಲು ಪಾದಕ್ಕೆ ಬರುವಷ್ಟರಲ್ಲೇ ಸುದ್ದಿ ಒಳ್ಳೆಯದೇ ಅಂತ ಒಳಗಿದ್ದವರಿಗೆ ಗೊತ್ತಾಗಿಬಿಟ್ಟಿರುತ್ತದೆ.