ಗುಡ್ಡಪ್ಪ ಆನೆಮರಿಗೆ ನೀರು ಕುಡಿಸಿದ್ದು

ಇದು ಬಹಳ ಹಿಂದಿನ ಕತೆಯಲ್ಲ, ಮೊನ್ನೆ ಮೊನ್ನೆಯದು. ರಾಜನೂ ಇಲ್ಲ, ರಾಣಿಯೂ ಇಲ್ಲ. ಹಾಲಹುಣಸಿ ಊರಿನ ಫಕ್ಕೀರವ್ವ ಇದ್ದಾಳೆ, ಆಕೆಯ ಒಬ್ಬನೇ ಮಗ ಗುಡ್ಡಪ್ಪ ಇದ್ದಾನೆ. ಗುಡ್ಡಪ್ಪನಿಗೆ ಇಪ್ಪತ್ತೆಂಟು ವರ್ಷ. ಬಾಗಿಲು ತುಂಬುವಂಥ ಆಳು, ಹುರಿ ಮೀಸೆ ಬೇರೆ. ಹೇಳಿದ ಕೆಲಸ ಒಂದನ್ನೂ ಬಿಡುವವನಲ್ಲ, ಅದೇ ತೊಂದರೆ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ಬಾಗಿಲು ನೋಡಿಕೋ ಎಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ, ಹಿತ್ತಲಿಂದ ಎಮ್ಮೆ ಬಂದು ಜೋಳ ತಿಂದು ಹೋದರೂ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಫಕ್ಕೀರವ್ವ ದಿನಕ್ಕೆ ಮೂರು ಸಲ ತಲೆ ಚಚ್ಚಿಕೊಂಡು, ನಾಲ್ಕನೆಯ ಸಲ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಫಕ್ಕೀರವ್ವ ಊರಿನ ಅಂಗನವಾಡಿ ಟೀಚರು, ಊರವರ ಬಾಯಲ್ಲಿ ಅಕ್ಕೋರು. ಇಪ್ಪತ್ತು ವರ್ಷ ಚಿತ್ರದ ಪುಸ್ತಕ ಹಿಡಿದು ಮಕ್ಕಳಿಗೆ ಕತೆ ಹೇಳಿ ಹೇಳಿ ಆಕೆಯ ಗಂಟಲು ಬಾತುಹೋಯಿತು. ಹತ್ತು ದಿನ ಒಂದು ಮಾತೂ ಆಡಬಾರದು ಅಂದರು ಡಾಕ್ಟರು. ಮಕ್ಕಳ ನಡುವೆ ಕೂತರೆ ನೀವು ಬಾಯಿ ಮುಚ್ಚುವವರಲ್ಲ, ಮನೆಯಲ್ಲೇ ಇರಿ ಅಂತಲೂ ಅಂದರು.

ಅದೇ ವಾರ ತಾಲೂಕಿನಿಂದ ತಪಾಸಣೆಗೆ ಮೇಡಮ್ಮರು ಬರುವವರಿದ್ದರು. ಅವರು ಬಂದ ದಿನ ಹದಿನೈದು ಮಕ್ಕಳಾದರೂ ಕೂತಿರದಿದ್ದರೆ ಅಂಗನವಾಡಿ ಮುಚ್ಚಿ ಹಳ್ಳದಾಚೆಯ ಊರಿಗೆ ಸೇರಿಸಿಬಿಡುತ್ತಾರಂತೆ. ಮೂರು ವರ್ಷದ ಕೂಸುಗಳು ಹಳ್ಳ ದಾಟಿ ಹೋಗುತ್ತವೆಯೇ? ಪಟ್ಟಿಯಲ್ಲಿದ್ದ ಮಕ್ಕಳು ಹದಿನೆಂಟು. ಅವನ್ನು ಹಿಡಿದು ಕೂರಿಸುವುದು ಕತೆ ಒಂದೇ. ಅಡುಗೆ ಮಾಡುವ ನೀಲವ್ವನಿಗೆ ಓದು ಬಾರದು. ಓದು ಬರುವವನು ಉಳಿದದ್ದು ಒಬ್ಬನೇ.

ಫಕ್ಕೀರವ್ವ ದೇವರಿಗೆ ಕೈಮುಗಿದು, ಪಾಟಿಯ ಮೇಲೆ ಬಳಪದಲ್ಲಿ ಬರೆದಳು: "ಮಕ್ಕಳಿಗೆ ಪುಸ್ತಕ ಓದು. ಒಂದಕ್ಷರ ಬಿಡಬ್ಯಾಡ."

ಗುಡ್ಡಪ್ಪ ಹೋದ. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದ. ಒಂದಕ್ಷರ ಬಿಡಲಿಲ್ಲ. ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ ಓದಿದ, ಪಿನ್‌ಕೋಡ್ ಓದಿದ, ಎಷ್ಟನೆಯ ಮುದ್ರಣವೆಂದು ಓದಿದ, ಅನುಮತಿಯಿಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ಬಳಸಬಾರದು ಎಂಬುದನ್ನು ಗಟ್ಟಿಯಾಗಿ ಓದಿದ. ಕತೆಗೆ ಬರುವಷ್ಟರಲ್ಲಿ ಅರ್ಧ ಮಕ್ಕಳು ಮಲಗಿದ್ದವು. ಎಚ್ಚರ ಇದ್ದವಕ್ಕೆ ಕಂಡದ್ದು ಪುಸ್ತಕದ ಬೆನ್ನು ಮಾತ್ರ. ಮರುದಿನಕ್ಕೆ ನಾಲ್ಕು ಮಕ್ಕಳು ಕಡಿಮೆ.

ನೀಲವ್ವ ಬಂದು ಎಲ್ಲ ಒಪ್ಪಿಸಿದಳು. ಫಕ್ಕೀರವ್ವ ಪಾಟಿ ತುಂಬ ಬೈದಳು. ಬಾಯಲ್ಲಾದರೆ ಗಳಿಗೆಯಲ್ಲಿ ಮುಗಿಯುವ ಬೈಗುಳ ಬರೆಯುತ್ತ ಕೂತರೆ ಮುಗಿಯುತ್ತದೆಯೇ? ಬರೆದಾಗುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಪಾಟಿಯೂ ಸಣ್ಣದು, ಬೈಗುಳ ಒರೆಸಿದರೇ ಬುದ್ಧಿಮಾತಿಗೆ ಜಾಗ. ಒರೆಸಿ ಬರೆದಳು: "ಸಣ್ಣ ಕೂಸುಗಳಿಗೆ ಅಕ್ಷರ ಯಾಕೋ? ಚಿತ್ರ ತೋರಿಸು."

"ಆತು ಯವ್ವಾ" ಅಂದ ಗುಡ್ಡಪ್ಪ.

ಎರಡನೆಯ ದಿನ ತುಟಿ ಬಿಚ್ಚಲಿಲ್ಲ. ಚಿತ್ರ ತೋರಿಸಿದ. ಒಂದು ಕೂಸು ನೀರು ಬೇಕೆಂದಿತು. ಹುಡುಕಿ ಹುಡುಕಿ ಕೆರೆ ಇದ್ದ ಪುಟ ತೆಗೆದು ಅದಕ್ಕೆ ತೋರಿಸಿದ. ಇನ್ನೊಂದಕ್ಕೆ ಹಸಿವು. ಮಾವಿನಹಣ್ಣಿನ ಚಿತ್ರ ತೋರಿಸಿದ. ಮತ್ತೊಂದು ಅವ್ವ ಬೇಕೆಂದು ಅತ್ತಿತು. ಕೋಳಿ ಮರಿಗಳೊಡನೆ ನಿಂತ ಚಿತ್ರ ತೋರಿಸಿದ. ಕೂಸು ಕೋಳಿಯನ್ನು ನೋಡಿತು, ಗುಡ್ಡಪ್ಪನ ಮೀಸೆಯನ್ನು ನೋಡಿತು, ಇನ್ನೂ ಜೋರಾಗಿ ಅತ್ತಿತು. ಮರುದಿನಕ್ಕೆ ಉಳಿದದ್ದು ಒಂಬತ್ತೇ.

ಫಕ್ಕೀರವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಇಪ್ಪತ್ತು ವರ್ಷ ಕಟ್ಟಿದ್ದು ಎರಡು ದಿನಕ್ಕೆ ಖಾಲಿಯಾಗುತ್ತಿದೆಯಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೂ ಬರೆದಳು: "ಬಾಯಾರಿದವರಿಗೆ ಮೊದಲು ನೀರು ಕೊಡು. ಆಮ್ಯಾಲೆ ಕತಿ."

"ಆತು ಯವ್ವಾ" ಅಂದ.

ಮೂರನೆಯ ದಿನದ ಪುಸ್ತಕ ಒಂದು ಆನೆಮರಿಯದು. ಮರಿ ತನ್ನ ಅವ್ವನಿಂದ ತಪ್ಪಿಹೋಗಿದೆ, ಅವ್ವನನ್ನು ಹುಡುಕುತ್ತಿದೆ. ಮೊದಲ ಪುಟದಲ್ಲೇ ಬಿರುಬಿಸಿಲು, ಮರಿ ನಾಲಿಗೆ ಹೊರಹಾಕಿ ನಿಂತಿದೆ. ಗುಡ್ಡಪ್ಪ ನೋಡಿದ, ಅಯ್ಯೋ ಪಾಪ ಅನ್ನಿಸಿತು. ಎದ್ದು ಹೋಗಿ ಕೊಡ ತಂದ. ಆನೆಮರಿಯ ಬಾಯಿಗೆ ಸರಿಯಾಗಿ ನೀರು ಸುರಿದ. ಒಂಬತ್ತು ಮಕ್ಕಳೂ ತಮ್ಮ ತಮ್ಮ ಲೋಟ ತಂದು ಸುರಿದವು. ಅಷ್ಟು ನಕ್ಕಿರಲಿಲ್ಲ ಅವು ಎಂದೂ. ಆದರೆ ಕತೆ ಅಲ್ಲಿಗೇ ನಿಂತಿತು.

ಸಂಜೆ ಮಕ್ಕಳ ಅವ್ವಂದಿರು ಜಗಳಕ್ಕೆ ಬಂದರು. ಆ ಮರಿಗೆ ಅವ್ವ ಸಿಕ್ಕಳೋ ಇಲ್ಲವೋ ಹೇಳದೆ ಮಗು ಉಣ್ಣಲು ಒಲ್ಲದು ಅಂದರು. ಫಕ್ಕೀರವ್ವ ತೊಯ್ದ ಪುಸ್ತಕವನ್ನು ಒಲೆಯ ಮುಂದೆ ಹಿಡಿದು ಒಣಗಿಸಿದಳು. ನಾಳೆಯೇ ಮೇಡಮ್ಮರು ಬರುವ ದಿನ. ಬಳಪ ಮುರಿಯುವ ಹಾಗೆ ಒತ್ತಿ ಬರೆದಳು: "ಅಕ್ಷರ ಓದು, ಚಿತ್ರಾನೂ ತೋರಿಸು. ಕತಿ ಮುಗಿಯೋತನಕ ಯಾರನ್ನೂ ಏಳಾಕ ಬಿಡಬ್ಯಾಡ."

"ಆತು ಯವ್ವಾ" ಅಂದ.

ನಾಲ್ಕನೆಯ ದಿನ ಗುಡ್ಡಪ್ಪ ಚೆನ್ನಾಗಿಯೇ ಓದಿದ, ಹೌದು. ಚಿತ್ರವನ್ನೂ ಮಕ್ಕಳ ಕಡೆಗೇ ಹಿಡಿದ. ಮರಿ ಕೊಕ್ಕರೆಯನ್ನು ಕೇಳಿತು, ಎಮ್ಮೆಯನ್ನು ಕೇಳಿತು, ಕೆರೆಯ ದಾರಿ ಹಿಡಿಯಿತು. ಪುಟ ತಿರುಗಿಸಿದರೆ ಮುಂದೆ ಹಾಳೆಯೇ ಇಲ್ಲ. ಕೊನೆಯ ಹಾಳೆ ನೆನೆದು ಮುದ್ದೆಯಾಗಿ ಹಿಂದಿನ ದಿನವೇ ಚಾಪೆಗೆ ಅಂಟಿಹೋಗಿತ್ತು.

ಮಕ್ಕಳು ಮುಂದೇನಾಯಿತು ಎಂದು ಕೇಳಿದವು. ಗುಡ್ಡಪ್ಪ ಹಾಳೆ ಕಿತ್ತ ಜಾಗವನ್ನು ನೋಡಿದ.

"ಕತಿ ಮುಗದಿಲ್ಲ. ಕುಂದರ್ರಿ."

ಮಧ್ಯಾಹ್ನ ಅವ್ವಂದಿರು ಕರೆದೊಯ್ಯಲು ಬಂದರು. ಕತಿ ಮುಗದಿಲ್ಲ, ಕುಂದರ್ರಿ ಅಂದ. ಯಾವ ಕತೆ ಅಂದರು. ಮೊದಲಿನಿಂದ ಓದಿದ. ಅವರೂ ಕೂತರು. ಹೆಂಡತಿ ಎಲ್ಲಿ ಎಂದು ಗಂಡಂದಿರು ಬಂದರು, ಅವರೂ ಕೂತರು. ಅಂಗನವಾಡಿಯಲ್ಲಿ ಏನೋ ಗದ್ದಲ ಎಂದು ಅಜ್ಜಿಯರು ಕೋಲೂರಿಕೊಂಡು ಬಂದರು, ಬಿಟ್ಟುಹೋಗಿದ್ದ ಮಕ್ಕಳೆಲ್ಲ ಅವರ ಸೆರಗು ಹಿಡಿದುಕೊಂಡು ಬಂದವು. ಒಬ್ಬೊಬ್ಬರು ಒಂದೊಂದು ಕೊನೆ ಹೇಳಿದರು. ಗುಡ್ಡಪ್ಪ ಪ್ರತಿ ಸಲವೂ ಪುಸ್ತಕ ನೋಡಿ, ಹಾಗೆ ಬರೆದಿಲ್ಲ ಅಂದ.

ಮೂರು ಗಂಟೆಗೆ ಮೇಡಮ್ಮರು ಬಂದರು. ನಾಲ್ಕರ ಬಸ್ಸಿಗೆ ಹೋಗಬೇಕು, ಲೆಕ್ಕ ಹಾಕಿ ಹೊರಡುತ್ತೇನೆ ಅಂದರು. ಗುಡ್ಡಪ್ಪ ಮಕ್ಕಳ ಕೆಂಪು ಕುರ್ಚಿಯೊಂದನ್ನು ಬಾಗಿಲಿಗೆ ಅಡ್ಡ ಇಟ್ಟು ಅವರನ್ನೂ ಕೂರಿಸಿದ.

ಮಗ ಊಟಕ್ಕೂ ಬರಲಿಲ್ಲವಲ್ಲ ಎಂದು ಎದೆ ಹೊಡೆದುಕೊಳ್ಳುತ್ತ ಫಕ್ಕೀರವ್ವ ಪಾಟಿ ಹಿಡಿದು ಓಡಿ ಬಂದಳು. ನೋಡಿದರೆ ಊರಿಗೆ ಊರೇ ಚಾಪೆಯ ಮೇಲಿದೆ, ಮೇಡಮ್ಮರ ಮೊಣಕಾಲು ಗದ್ದಕ್ಕೆ ತಾಗುತ್ತಿದೆ. ಬೈಯಲು ದನಿಯಿಲ್ಲ. ಮಗ ಕಿತ್ತುಹೋದ ಪುಸ್ತಕ ತೋರಿಸಿದ. ಆಕೆಗೆ ಎಲ್ಲ ತಿಳಿಯಿತು. ಇಪ್ಪತ್ತು ವರ್ಷ ಹೇಳಿದ ಕತೆ, ಬಾಯಿಪಾಠ. ಕೂತು ಬರೆದಳು, ಗುಡ್ಡಪ್ಪ ಓದಿದ.

"ಮರಿ ಕೆರಿ ದಂಡಿಗೆ ಬಂತು. ನೀರಾಗ ಸೊಂಡಿಲು ಅದ್ದಿತು."

ಒರೆಸಿದಳು, ಮತ್ತೆ ಬರೆದಳು. ಬಳಪದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಯಾರೋ ಅದರ ತಲಿ ಮ್ಯಾಲೆ ತಂಪಾಗಿ ನೀರು ಸುರುವಿದ್ರು. ಮರಿ ತಿರುಗಿ ನೋಡಿತು."

ಒರೆಸಿದಳು.

"ಹಿಂದ ಅವ್ವ ನಿಂತಿದ್ಲು."

ಮಕ್ಕಳು ಉಸಿರು ಬಿಟ್ಟವು. ಗುಡ್ಡಪ್ಪ ತೋಳಿನಿಂದ ಕಣ್ಣೊರೆಸಿಕೊಂಡ. ಮೇಡಮ್ಮರು ಎಣಿಸಿದರು, ಹದಿನೆಂಟಕ್ಕೆ ಹದಿನೆಂಟು. ಇಷ್ಟು ಹೊತ್ತಾದರೂ ಒಂದು ಮಗುವೂ ಎದ್ದಿಲ್ಲ, ಇದನ್ನು ಯಾರು ಮುಚ್ಚುತ್ತಾರೆ ಎಂದು ತಪಾಸಣೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಎದ್ದರು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಫಕ್ಕೀರವ್ವ ಗಾಬರಿಯಿಂದ ಗೀಚಿ ಮಗನ ಮುಂದೆ ಹಿಡಿದಳು. ಗುಡ್ಡಪ್ಪ ಅದೇ ರಾಗದಲ್ಲಿ ಓದಿದ:

"ಸಾಕೋ ಪೆದ್ದಪ್ಪ, ಬಾಗಿಲು ಬಿಡೋ. ಮೇಡಮ್ಮರ ಬಸ್ ಹೊಂಟತಿ."

ಮಕ್ಕಳು ಚಪ್ಪಾಳೆ ತಟ್ಟಿದವು. ಆನೆ ಬಸ್ಸು ಹತ್ತಿತೇನು ಎಂದು ಒಂದು ಕೂಸು ಕೇಳಿತು. ಫಕ್ಕೀರವ್ವ ಹಣೆ ಬಡಿದುಕೊಂಡು, ಒರೆಸಿ, ಮತ್ತೆ ಬರೆದಳು.

"ಇದು ಕತಿ ಅಲ್ಲೋ ನನ್ನಪ್ಪಾ" ಎಂದು ಗುಡ್ಡಪ್ಪ ಅದನ್ನೂ ಓದಿದ. ಒಂದಕ್ಷರ ಬಿಡಲಿಲ್ಲ.

ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಬಸ್ಸು ಹೋಯಿತು. ಮೇಡಮ್ಮರು ಕೆಂಪು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತರು.

"ಹೋಗ್ಲಿ ಬಿಡ್ರಿ. ಮುಂದೇನಾತು?"

ಗುಡ್ಡಪ್ಪ ಪಾಟಿಯನ್ನು ಅಂಗಿಯಿಂದ ಚೆನ್ನಾಗಿ ಒರೆಸಿ ಅವ್ವನ ಕೈಗೆ ಕೊಟ್ಟ.

"ಬರಿಯವ್ವಾ, ಮಂದಿ ಕುಂತಾರ."