ಒಬ್ಬರ ಮಂಚದ ಅಳತೆ

ನದಿ ಬಳಸಿಕೊಂಡು ತಿರುಗುವ ಕಡೆ, ದಡದ ಮೇಲೆ, ನೀಲಗಂಗವ್ವನ ಆಶ್ರಮವಿತ್ತು. ಒಂದು ಪಡಸಾಲೆ, ಒಂದು ಅಡುಗೆಮನೆ, ದನದ ಕೊಟ್ಟಿಗೆ, ಸಾಲಾಗಿ ಆರು ಸಣ್ಣ ಕೋಣೆಗಳು. ಅಷ್ಟೇ.

ಅಲ್ಲಿಗೆ ಬಂದವರು ಮೊದಲ ಆರು ತಿಂಗಳು ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಬೇಕು. ಆಮೇಲೆ ಅವ್ವ ಒಂದು ಖಾಲಿ ಕೋಣೆ ತೋರಿಸುತ್ತಿದ್ದಳು. ಜೊತೆಗೆ ನಾಲ್ಕು ಕಾಲು, ಎರಡು ಉದ್ದಪಟ್ಟಿ, ಎರಡು ಅಡ್ಡಪಟ್ಟಿ ಆಗುವಷ್ಟು ಬೇವಿನ ಮರ, ಒಂದು ಸುರುಳಿ ಹಗ್ಗ.

"ನಿನ್ನ ಮಂಚ ನೀನ ಮಾಡ್ಕೊ," ಎನ್ನುತ್ತಿದ್ದಳು. "ಒಂಬತ್ತು ರಾತ್ರಿ ಮಲಗು. ಹತ್ತನೇ ದಿನ ಮುಂಜಾನೆ ಬಂದು ನೋಡ್ತೀನಿ."

ಬಂದು ನೋಡಿ ಮನಸ್ಸಿಗೆ ಒಪ್ಪಿದರೆ ಆ ಕೋಣೆಯಲ್ಲೇ ಕೂತು ಒಂದು ಬಟ್ಟಲು ಮಜ್ಜಿಗೆ ಕೇಳಿ ಕುಡಿಯುತ್ತಿದ್ದಳು. ಅಲ್ಲಿಗೆ ಅವರು ಆಶ್ರಮದವರಾದಂತೆ. ಮಜ್ಜಿಗೆ ಕೇಳದೆ ಹೋದರೆ ಮಂಚ ತಿದ್ದಬೇಕು. ಆದರೆ ಮರ ಕೊಡುತ್ತಿದ್ದದ್ದು ಒಂದೇ ಸಲ. ಅದನ್ನು ಕೆಡಿಸಿಕೊಂಡವರು ಮುಂದಿನ ಹುಣ್ಣಿಮೆಗೆ ಊರ ದಾರಿ ಹಿಡಿಯುತ್ತಿದ್ದರು.

ಅಡಿವೆಪ್ಪನ ಸರದಿ ಬಂತು.

ಐವತ್ತು ದಾಟಿದ ಮನುಷ್ಯ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನ ಎದುರು ಬಟ್ಟೆ ಹೊಲಿದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹೊಲಿಗೆ ಯಂತ್ರವನ್ನು ತಮ್ಮನ ಮಗನಿಗೆ ಕೊಟ್ಟು, ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಟೇಪು, ಕತ್ತರಿ, ಸೀಮೆಸುಣ್ಣ ತುಂಬಿಕೊಂಡು ಬಂದಿದ್ದ.

ಹಿಂದಕ್ಕೆ ಹೋಗಲು ಅವನಿಗೆ ಮನೆ ಇರಲಿಲ್ಲ ಎಂದಲ್ಲ. ಇತ್ತು. ಆ ಮನೆಯಲ್ಲಿ ಮದುವೆಗೆ ಬಂದ ಮಂಚವೂ ಇತ್ತು. ನಾಲ್ಕು ವರ್ಷ ಅದರ ಮೇಲೆ ಒಬ್ಬನೇ ಮಲಗಿ ಅವನಿಗೆ ಸಾಕಾಗಿತ್ತು. ಮತ್ತೆ ಹೋಗಿ ಅಲ್ಲಿ ಮಲಗುವುದು ತನ್ನಿಂದಾಗದು ಎಂಬುದೊಂದೇ ಅವನಿಗೆ ಖಚಿತವಾಗಿ ಗೊತ್ತಿದ್ದದ್ದು.

ಕೋಣೆ ಎಂಟು ಅಡಿ ಉದ್ದ, ಆರೂವರೆ ಅಡಿ ಅಗಲ. ಒಳಕ್ಕೆ ತೆರೆಯುವ ಬಾಗಿಲು, ಒಂದು ಕಿಟಕಿ.

ಅಡಿವೆಪ್ಪ ಟೇಪು ತೆಗೆದ. ಗೋಡೆಗೆ ಬೆನ್ನು ಹಚ್ಚಿ ನಿಂತು ತನ್ನ ಎತ್ತರ ಅಳೆದ. ಭುಜ ಅಳೆದ. ದರ್ಜಿಗಳು ಮೈಯಳತೆಯ ಮೇಲೆ ಒಂದಿಷ್ಟು ಬಟ್ಟೆ ಬಿಡುತ್ತಾರೆ. ಅದೇ ಅಭ್ಯಾಸದಲ್ಲಿ ಕೈ ಆಡಿಸಲು ಇಷ್ಟು, ಕಾಲು ಮಡಿಸಲು ಇಷ್ಟು ಎಂದು ಸೇರಿಸುತ್ತಾ ಹೋದ. ಕೊನೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ ಮಂಚದ ಅಗಲ ನಾಲ್ಕು ಅಡಿಯಾಗಿತ್ತು.

ಕೊಟ್ಟಿಗೆ ನೋಡಿಕೊಳ್ಳುವ ಈರಭದ್ರ ಆಶ್ರಮದ ಹಳಬ. ಅವನು ಬಾಗಿಲಲ್ಲಿ ನಿಂತು ಇಣುಕಿದ.

"ಟೇಲರ್ ಮಾಸ್ತರ, ಇದರಾಗ ನಮ್ಮ ಎಮ್ಮೀನೂ ಮಲಗ್ತತಿ."

"ನಿನ್ನ ಎಮ್ಮಿ ನನ್ನಷ್ಟು ಹೊರಳಾಡ್ತತೇನು?"

"ಅದಕ್ಕ ಚಿಂತಿ ಇಲ್ಲಪಾ. ಬಿದ್ದಲ್ಲೇ ಬೆಳಗು ಮಾಡ್ತತಿ," ಎಂದು ಈರಭದ್ರ ಹೊರಟುಹೋದ.

ಮಂಚ ಮುಗಿಯಿತು. ಹಗ್ಗವನ್ನು ಬಿಗಿಯಾಗಿ ನೇಯ್ದ. ಒಂಬತ್ತು ರಾತ್ರಿ ಮಲಗಿದ.

ಹತ್ತನೇ ದಿನ ಮುಂಜಾನೆ ನೀಲಗಂಗವ್ವ ಬಂದಳು. ಬಾಗಿಲು ದೂಡಿದರೆ ಅದು ಪೂರ್ತಿ ತೆರೆಯದೆ ಮಂಚದ ಕಾಲಿಗೆ ತಾಗಿ ನಿಂತಿತು. ಅವ್ವ ಮೈ ಓರೆ ಮಾಡಿಕೊಂಡು ಒಳಗೆ ಬಂದಳು.

"ಎಷ್ಟು ಮಂದಿಗೆ ಇದು?"

"ಒಬ್ಬಂಗ ಅವ್ವಾರ. ನನಗ ಅಷ್ಟ."

"ನಾ ಎಲ್ಲಿ ಕುಂದರಲಿ?"

"ಮಂಚದ ಮ್ಯಾಲೇ ಕುಂದರ್ರಿ."

ಅವ್ವ ಮಂಚದ ಮೇಲೆ ಕೈಯಾಡಿಸಿದಳು. ಗೋಡೆಯ ಕಡೆಯ ಅರ್ಧದಲ್ಲಿ ಹಗ್ಗ ಜೋತು ಬಿದ್ದಿತ್ತು. ಈಚಿನ ಅರ್ಧದಲ್ಲಿ ನೇಯ್ದ ದಿನ ಹೇಗಿತ್ತೋ ಹಾಗೇ ಇತ್ತು. ಬೆರಳಿಂದ ಮೀಟಿದರೆ ಟಣ್ ಎನ್ನುವಷ್ಟು ಬಿಗಿ.

ಆ ಬಿಗಿಯಾದ ಕಡೆ ತೋರಿಸಿ ಅವ್ವ ಹೇಳಿದಳು: "ಇಲ್ಲೆ ಯಾರೋ ಅದಾರಲ್ಲಪಾ. ಅವರನ್ನ ಎಬ್ಬಿಸಿ ನಾ ಕುಂದರಲೇನು?"

ಅಡಿವೆಪ್ಪ ನೋಡಿದ. ಒಂಬತ್ತು ರಾತ್ರಿಯೂ ತಾನು ಗೋಡೆಗೆ ಅಂಟಿಕೊಂಡೇ ಮಲಗಿದ್ದು ಅವನಿಗೆ ಆಗ ಗೊತ್ತಾಯಿತು. ಊರ ಮನೆಯಲ್ಲಿ ಮಲಗುತ್ತಿದ್ದಂತೆಯೇ. ಈ ಕಡೆಯ ಅರ್ಧ ಹೆಂಡತಿಯದು.

ಅವ್ವ ಮತ್ತೆ ಮೈ ಓರೆ ಮಾಡಿಕೊಂಡು ಹೊರಗೆ ಹೋದಳು. ಮಜ್ಜಿಗೆ ಕೇಳಲಿಲ್ಲ.

ಆವತ್ತು ಅಡಿವೆಪ್ಪ ಊಟ ಮಾಡಲಿಲ್ಲ. ಮಧ್ಯಾಹ್ನ ಹಗ್ಗ ಬಿಚ್ಚಿ ಗರಗಸ ತೆಗೆದುಕೊಂಡ. ಎರಡೂ ಅಡ್ಡಪಟ್ಟಿಗಳನ್ನು ಸರಿಯಾಗಿ ನಡುವೆ ಕೊಯ್ದ. ನಾಲ್ಕು ಅಡಿ ಇದ್ದದ್ದು ಎರಡು ಅಡಿಯಾಯಿತು. ಉಳಿದ ಎರಡು ತುಂಡುಗಳನ್ನು ಒಯ್ದು ನೀರೊಲೆಯ ಸೌದೆ ರಾಶಿಗೆ ಎಸೆದ. ಎಸೆದು ಕೈ ಕೊಡವಿಕೊಂಡ.

ಈರಭದ್ರ ಹುಲ್ಲಿನ ಹೊರೆ ಇಳಿಸುತ್ತಾ ನೋಡಿದ.

"ಮಂಚ ಮಾಡಾಕತ್ತೀಯೋ, ಬಾಗಲಕ್ಕ ಹಲಗಿ ಮಾಡಾಕತ್ತೀಯೋ?"

"ಸನ್ಯಾಸಿಗೆ ಇಷ್ಟು ಸಾಕು."

"ಸನ್ಯಾಸಿ ಯಾವಾಗ ಆದಿ? ನಿನ್ನೆ ಎರಡು ಸಲ ಪಲ್ಯ ಹಾಕಿಸ್ಕೊಂಡಿ."

ಅಡಿವೆಪ್ಪ ಪಟ್ಟಿ ಜೋಡಿಸತೊಡಗಿದ.

ಎರಡು ಅಡಿಯ ಮಂಚದ ಮೇಲೆ ಒಂಬತ್ತು ರಾತ್ರಿ ಕಳೆದ. ಎರಡು ಸಲ ನೆಲಕ್ಕೆ ಬಿದ್ದ. ಮೂರನೆಯ ರಾತ್ರಿಯಿಂದ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಅಂಗಾತ, ಅಲುಗಾಡದೆ ಮಲಗಲು ಕಲಿತ. ಬೆಳಿಗ್ಗೆ ಬೆನ್ನು ನೋಯುತ್ತಿತ್ತು. ಆದರೆ ಕೋಣೆಯಲ್ಲಿ ಜಾಗವೋ ಜಾಗ. ನೋಡಿದಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಅವ್ವ ಬಂದಳು. ಈ ಸಲ ಬಾಗಿಲು ಪೂರ್ತಿ ತೆರೆಯಿತು. ಅವಳು ಮಂಚವನ್ನೂ ನೋಡಿದಳು, ಅವನ ಮೊಣಕೈಗೆ ಕಟ್ಟಿದ ಬಟ್ಟೆಯನ್ನೂ ನೋಡಿದಳು.

"ಈಗ ಒಬ್ಬಂಗ ಅವ್ವಾರ," ಎಂದ ಅಡಿವೆಪ್ಪ.

"ಮಲಗಿ ತೋರಿಸು."

ಅವನು ಹತ್ತಿ ಮಲಗಿದ. ಕಾಲು ಜೋಡಿಸಿದ. ಕೈ ಎದೆಯ ಮೇಲೆ ಕಟ್ಟಿದ. ಕಣ್ಣು ಮುಚ್ಚಿದ.

ಅವ್ವ ಮಂಚದ ಬದಿಗೆ ಬಂದು ನಿಂತಳು.

"ಹಿಂಗ ಮಲಗಿದವರನ್ನ ನಾ ಭಾಳ ಮಂದಿನ್ನ ನೋಡೀನಿ," ಎಂದಳು. "ನಾಕು ಜನ ಹೊತ್ಕೊಂಡು ಹೋಗ್ತಿರ್ತಾರ."

ಅಡಿವೆಪ್ಪ ಕಣ್ಣು ಬಿಟ್ಟ.

"ಈಗ ಮಗ್ಗಲಾ ಬದಲು ಮಾಡು."

ಅವನು ಹೊರಳಿದ. ಒಂದು ಮೊಣಕಾಲು ಆಚೆ ಹೋಯಿತು, ಅದರ ಹಿಂದೆ ಅವನೂ ಹೋದ. ನೆಲದ ಮೇಲೆ ಕೈಯೂರಿ ಕೂತು ತಲೆಯೆತ್ತಿದ. ಅವ್ವ ನಗಲಿಲ್ಲ.

"ಆಕೀನ ತಳ್ಳಬೇಕು ಅಂತ ಮಾಡಿದಿ," ಎಂದಳು. "ಬಿದ್ದಾಂವ ಯಾರು?"

ಅಡಿವೆಪ್ಪ ಅಲ್ಲೇ ಕೂತ. ಮಂಚದ ಪಟ್ಟಿಯ ಮೇಲೆ ಕೈಯಿಟ್ಟು ಕೇಳಿದ: "ಮರ ತೀರಿತಲ್ಲ ಅವ್ವಾರ?"

"ಹೌದು, ತೀರಿತು."

"ಇನ್ನೆರಡು ಪಟ್ಟಿ ಕೊಡಿಸ್ರಿ."

"ಇಲ್ಲ."

"ಹಂಗಾರ ನಾ ಹೋಗಬೇಕೇನು?"

"ಹುಣ್ಣಿಮಿಗೆ ಇನ್ನೂ ಹದಿನೈದು ದಿನ ಐತಿ. ಅಲ್ಲೀತನಕ ಕೋಣಿ ನಿಂದ."

ಅವನು ಚೀಲ ಹುಡುಕಿ ಹೊರಗಿಟ್ಟ. ಎರಡು ಜೊತೆ ಬಟ್ಟೆ ತುಂಬಲು ಹದಿನೈದು ದಿನ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಈರಭದ್ರ ಹೆಗಲ ಮೇಲೆ ಒಂದು ಹಳೆಯ ಕೌದಿ ಹೊತ್ತುಕೊಂಡು ಬಂದ. ಹರಕು ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಹೊದಿಕೆ. ಅವ್ವ ಹೊದೆಯುತ್ತಿದ್ದದ್ದು.

"ರಿಪೇರಿ ಮಾಡಬೇಕಂತ."

"ಹೋಗೋ ಮನುಷ್ಯಾಗ ಕೆಲಸ ಹಚ್ಚತಾರೇನು?"

"ಹೋಗು ಅಂತ ಅವರು ಯಾವಾಗ ಅಂದ್ರು? ನಾ ಅಂತೂ ಕೇಳಿಲ್ಲ." ಈರಭದ್ರ ಕೌದಿಯನ್ನು ಅವನ ಮಡಿಲಿಗೆ ಹಾಕಿದ. "ಸೂಜಿ ಸಣ್ಣದು ತಗೊ. ದಬ್ಬಣದಾಗ ಚುಚ್ಚಬ್ಯಾಡ, ಮುದುಕೀಗ ಒತ್ತತತಿ."

ಅಡಿವೆಪ್ಪ ಜಗಲಿಗೆ ಬಂದು ಕೌದಿಯನ್ನು ಬಿಸಿಲಿಗೆ ಹಿಡಿದು ನೋಡಿದ. ಎರಡೂ ಅಂಚುಗಳು ಗಟ್ಟಿಯಾಗಿದ್ದವು. ನಡುವೆ, ಉದ್ದಕ್ಕೂ, ಮೈ ಉಜ್ಜಿ ಉಜ್ಜಿ ಬೆಳಕು ಕಾಣುವಷ್ಟು ಸವೆದಿತ್ತು.

ಸವೆದದ್ದನ್ನು ಕತ್ತರಿಸಿ ತೆಗೆದರೆ ಹೊದೆಯಲು ಸಾಲದು. ಹಾಗೇ ಬಿಟ್ಟರೆ ನಾಳೆ ಹರಿಯುತ್ತದೆ. ಇದಕ್ಕೆ ಏನು ಮಾಡಬೇಕೆಂದು ಅವನ ಕೈಗೆ ಗೊತ್ತಿತ್ತು. ಅಂಗಡಿಯಲ್ಲಿ ಮಷೀನಿನ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದ ಹೆಂಡತಿಯೇ ಇಂಥ ಕೆಲಸ ಮಾಡುತ್ತಿದ್ದದ್ದು. ನಡುವೆ ಕತ್ತರಿಸು. ಒಂದು ಹೋಳಿನ ಮೇಲೆ ಇನ್ನೊಂದನ್ನು ಒಂದು ಗೇಣು ಏರಿಸು. ಸವೆದದ್ದರ ಮೇಲೆ ಸವೆದದ್ದು ಕೂತರೆ ದಪ್ಪವಾಗುತ್ತದೆ. ಅಗಲ ಸ್ವಲ್ಪ ಕಡಿಮೆ ಬರುತ್ತದೆ, ಒಬ್ಬರಿಗೆ ಸಾಕು.

ಕತ್ತರಿಸಿದ. ಏರಿಸಿದ. ಹೊಲಿಯತೊಡಗಿದ. ಅರ್ಧ ದಾರಿಯಲ್ಲಿ ಸೂಜಿ ನಿಂತಿತು.

ಕೌದಿಯನ್ನು ಜಗಲಿಯ ಮೇಲೇ ಬಿಟ್ಟು ಅಡಿವೆಪ್ಪ ನೀರೊಲೆಯ ಕಡೆ ಓಡಿದ.

ಈರಭದ್ರ ಒಲೆಯ ಮುಂದೆ ಕೂತಿದ್ದ. ಬೇವಿನ ತುಂಡುಗಳಲ್ಲಿ ಒಂದು ಅವನ ಕೈಯಲ್ಲಿತ್ತು. ಇನ್ನೊಂದನ್ನು ಕರುವಿನ ಗೂಟಕ್ಕೆ ಒತ್ತು ಕೊಟ್ಟು ನಿಲ್ಲಿಸಿದ್ದ.

"ಅದನ್ನ ಒಲಿಗೆ ಇಡಬ್ಯಾಡ. ನಂದು."

"ಒಗೆದಾಗ ನಿಂದು ಇರಲಿಲ್ಲ?"

"ಆಗ ಬುದ್ಧಿ ಇರಲಿಲ್ಲ."

"ಈಗ ಐತೇನು?"

"ನೋಡೂಣು. ಅದೊಂದನ್ನೂ ಕೊಡು, ಕರಕ್ಕ ಬ್ಯಾರೆ ಗೂಟ ಹಾಕಿಕೊಡ್ತೀನಿ."

ಈರಭದ್ರ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ ಕೊಟ್ಟ. "ಹತ್ತು ದಿನ ಆತು, ದಿನಾ ಇದನ್ನ ಕೈಯಾಗ ಹಿಡೀತೀನಿ, ಬದಿಗಿಡ್ತೀನಿ. ಬೇವು ಹೊಗಿ ಭಾಳ," ಎಂದ.

ಕೊಯ್ಯುವ ಮೊದಲು ಅಡಿವೆಪ್ಪ ಈ ಸಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಲಿಲ್ಲ. ಕೋಣೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದ. ಸೀಮೆಸುಣ್ಣ ಕೈಯಲ್ಲಿ ಹಿಡಿದು ಎಡಕ್ಕೆ ಹೊರಳಿದ, ಮೊಣಕಾಲು ಮಡಿಸಿದ, ಮೊಣಕಾಲು ಮುಟ್ಟಿದ ಕಡೆ ಗೆರೆ ಹಾಕಿದ. ಬಲಕ್ಕೆ ಹೊರಳಿ ಅಲ್ಲೊಂದು ಗೆರೆ ಹಾಕಿದ. ಎದ್ದು ಟೇಪು ಹಿಡಿದ. ಮೂರು ಅಡಿ.

ಇನ್ನೊಂದನ್ನೂ ಅಳೆದ. ಈವರೆಗೆ ಒಮ್ಮೆಯೂ ಅಳೆಯದಿದ್ದದ್ದು. ಮಂಚ ಹೋಗಿ ಉಳಿಯುವ ನೆಲ. ಮೂರೂವರೆ ಅಡಿ.

ಎರಡು ಅಡಿಯ ಪಟ್ಟಿಯ ಮೇಲೆ ಎರಡು ಅಡಿಯ ತುಂಡನ್ನು ಇಟ್ಟು ಒಂದು ಅಡಿ ಏರಿಸಿದರೆ ಸರಿಯಾಗಿ ಮೂರು ಅಡಿ ಬಂತು. ಏರಿದ ಕಡೆ ಎರಡನ್ನೂ ಅರ್ಧರ್ಧ ದಪ್ಪ ಕೆತ್ತಿ, ಒಂದರೊಳಗೊಂದು ಕೂರಿಸಿ, ಮರದ ಮೊಳೆ ಹೊಡೆದ. ಕೆಲಸ ನಿಧಾನ. ಎರಡು ಸಲ ಬೆರಳು ಕೊಯ್ದುಕೊಂಡ. ನಾಲ್ಕು ದಿನ ಹಿಡಿಯಿತು. ಐದನೇ ದಿನ ಹಗ್ಗ ನೇಯ್ದ. ಉಳಿದ ಹೊತ್ತಿನಲ್ಲಿ ಅವ್ವನ ಕೌದಿ ಮುಗಿಸಿ ಕಳಿಸಿದ.

ಒಂಬತ್ತು ರಾತ್ರಿ ಕಳೆದವು. ಹುಣ್ಣಿಮೆಯ ದಿನ ಮುಂಜಾನೆ ಅಡಿವೆಪ್ಪ ಸ್ನಾನ ಮಾಡಿ, ತುಂಬಿದ ಚೀಲವನ್ನು ಹೊಸ್ತಿಲ ಹೊರಗೆ ಗೋಡೆಗೆ ಒರಗಿಸಿಟ್ಟು, ಒಳಗೆ ನಿಂತ. ಮೊದಲ ಎರಡು ಸಲ ಅವ್ವ ಏನು ಕೇಳಿಯಾಳು ಎಂದು ಉತ್ತರ ಜೋಡಿಸಿಟ್ಟುಕೊಂಡಿದ್ದ. ಈ ಸಲ ಹಾಗೆ ಜೋಡಿಸಿಕೊಳ್ಳಲಿಲ್ಲ.

ಅವ್ವ ಬಂದಳು. ಬಾಗಿಲು ಸದ್ದಿಲ್ಲದೆ ತೆರೆದು ಗೋಡೆಗೆ ಹೋಗಿ ನಿಂತಿತು.

ಅವಳು ಬಗ್ಗಿ ಅಡ್ಡಪಟ್ಟಿಯ ಮೇಲೆ ಕೈಯಾಡಿಸಿದಳು. ತುಂಡು ಜೋಡಿಸಿದ ಕಡೆ ಕೈ ನಿಂತಿತು.

"ಕೂಡಿಸಿದ್ದು ಕಾಣ್ತತಿ ಅವ್ವಾರ," ಎಂದ ಅಡಿವೆಪ್ಪ. "ಎಷ್ಟು ಉಜ್ಜಿದ್ರೂ ಮುಚ್ಚಾಕ ಬರಲಿಲ್ಲ."

"ಮುಚ್ಚು ಅಂತ ನಾ ಅಂದಿದ್ನೇನು?"

ಆಮೇಲೆ ಹಗ್ಗ ಒತ್ತಿದಳು. ಎಡಕ್ಕೆ, ಬಲಕ್ಕೆ. ಜೋತು ಬಿದ್ದದ್ದು ಎರಡು ಅಂಚಿನಲ್ಲೂ ಅಲ್ಲ, ನಟ್ಟನಡುವೆ.

ಅವಳು ಮಂಚದ ಮೇಲೆ ಕೂರಲಿಲ್ಲ. ಅಡಿವೆಪ್ಪನ ಕಣ್ಣು ಹೊರಗಿನ ಚೀಲದ ಕಡೆ ಹೋಯಿತು.

ನೀಲಗಂಗವ್ವ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕೂತಳು. ಬೆನ್ನನ್ನು ಗೋಡೆಗೆ ಕೊಟ್ಟು, ನೋಯುವ ಕಾಲುಗಳನ್ನು ಒಂದೊಂದಾಗಿ ಮುಂದಕ್ಕೆ ಚಾಚಿದಳು. ಚಾಚಲು ಜಾಗವಿತ್ತು.

ಅಡಿವೆಪ್ಪ ಗಡಬಡಿಸಿ ತಾನೂ ಕೆಳಗೆ ಕೂರಲು ಹೋದ.

"ಮ್ಯಾಲ ಕುಂದ್ರು," ಎಂದಳು. "ಅದು ನಿಂದು."

ಅವನು ಮಂಚದ ಅಂಚಿನಲ್ಲಿ ಕೂತ.

"ಈರಭದ್ರಾ," ಅವ್ವ ಬಾಗಿಲ ಕಡೆ ಕೂಗಿದಳು. "ಮಜ್ಜಗಿ ತಗೊಂಬಾ. ಎರಡು ಬಟ್ಟಲಾ ತಾ. ಬರೋವಾಗ ಆ ಚೀಲ ಒಳಗ ಇಡು, ಕರ ತಿಂದೀತು."

ಮಜ್ಜಿಗೆ ಬಂತು. ಅವ್ವ ನಿಧಾನವಾಗಿ ಕುಡಿದಳು. ಅಡಿವೆಪ್ಪ ಬಟ್ಟಲು ಹಿಡಿದುಕೊಂಡೇ ಕೂತ. ಹೊರಗೆ ಬಿಸಿಲು ಏರುತ್ತಿತ್ತು. ಅವ್ವ ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

ಅವಳು ಖಾಲಿ ಬಟ್ಟಲನ್ನು ನೆಲಕ್ಕಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನೀ ಬಂದು ಏಳು ತಿಂಗಳಾತು. 'ಹೆಂಡತಿ' ಅಂತೀ, 'ಆಕಿ' ಅಂತೀ," ಎಂದಳು. "ಇವತ್ತ ನನಗ ಬ್ಯಾರೆ ಕೆಲಸಿಲ್ಲ. ಹೇಳಪಾ, ಆಕಿ ಹೆಸರೇನು?"